ಅರಸನ ಕೊರಳಿಗೆ ಅಂಕಗಳ ಹಾರ

12345654321

ಈ ಸಂಖ್ಯೆಯನ್ನು ವಾಚಕರು ಮೊದಲು ಎಡದಿಂದ ಬಲಕ್ಕೆ ಓದಲಿ. ಅನಂತರ ಬಲದಿಂದ ಎಡಕ್ಕೆ ಓದಲಿ. ಎರಡು ಸಲವೂ ಒಂದೇ ಸಂಖ್ಯೆ ದೊರೆಯುತ್ತದೆ. ‘ವಿಕಟಕವಿ’ ಎಂಬ ಶಬ್ದವನ್ನು ತಿರುಗುಮುರುಗಾಗಿ ಓದಿದರೂ ಅದು ವಿಕಟಕವಿಯಾಗಿಯೇ ಉಳಿಯುವುದನ್ನು ನಾವೆಲ್ಲರೂ ಬಾಲ್ಯದಲ್ಲಿ ಕಂಡು ನಕ್ಕಿದ್ದೇವೆ. ಹಿಂದಿನ ಚಿತ್ರಕವಿಗಳು ಇಂಥ ರಚನೆಯನ್ನು ಗತಪ್ರತ್ಯಾಗತವೆಂದು ಕರೆಯುತ್ತಿದ್ದರು. ಹೋದ ದಾರಿಯಲ್ಲಿಯೇ ಹಿಂದಿರುಗಿ ಬರುವುದು ಎಂದರ್ಥ. ಅಕ್ಷರಗಳಲ್ಲಿರುವ ಈ ವಿನೋದವು ಅಂಕಗಳಲ್ಲಿಯೂ ಉಂಟು. ಮೇಲೆ ಬರೆದ ಸಂಖ್ಯೆಯಾದರೋ ಬರಿಯ ಗತಪ್ರತ್ಯಾಗತವಲ್ಲ. ಅದು ಒಂದರಿಂದ ಮೆಟ್ಟಲು ಮೆಟ್ಟಲಾಗಿ ಆರಕ್ಕೆ ಏರಿ, ಅಲ್ಲಿಂದ ಅದೇ ಮೆಟ್ಟಲುಗಳಲ್ಲಿ ಒಂದಕ್ಕೆ ಇಳಿಯುತ್ತದೆ. ನಡುವೆ ದೊಡ್ಡ ಪದಕ, ಎರಡು ಪಕ್ಕಗಳಲ್ಲಿ ಕ್ರಮವಾಗಿ ಕಿರಿದಾಗುತ್ತ ಹೋಗುವ ಮಣಿಗಳು: ನೋಡುವುದಕ್ಕೆ ಒಂದು ಹಾರದಂತೆಯೇ ಇದೆ.

ಈ ಹೋಲಿಕೆ ನಮ್ಮ ಕಲ್ಪನೆಯಲ್ಲ. ಸುಮಾರು ಕ್ರಿ. ಶ. 850ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಗುಣಾಕಾರವನ್ನು ವಿವರಿಸುವಾಗ ಅವನು ಸಾಮಾನ್ಯವಾದ ಲೆಕ್ಕಗಳ ಜೊತೆಗೆ ಕೆಲವು ವಿಚಿತ್ರವಾದ ಲೆಕ್ಕಗಳನ್ನೂ ಕೊಟ್ಟಿದ್ದಾನೆ. ಅವುಗಳ ಗುಣಲಬ್ಧಗಳು ಕಣ್ಣಿಗೆ ಅಂದವಾದ ಜೋಡಣೆಯಲ್ಲಿ ಬರುತ್ತವೆ. ಅಂಥವನ್ನು ಅವನು ಅರಸರ ಕಂಠಾಭರಣಕ್ಕೆ ಹೋಲಿಸಿದ್ದಾನೆ. 12345654321 ಎಂಬುದು ಅವುಗಳಲ್ಲಿ ಒಂದು. ಒಂದರಿಂದ ಆರರವರೆಗೆ ಏರಿ ಅನಂತರ ಕ್ರಮವಾಗಿ ಇಳಿಯುವ ರಾಶಿಯೆಂದು ಅವನು ಅದನ್ನು ವರ್ಣಿಸುತ್ತಾನೆ. ಅವನು ಒಡ್ಡಿದ ಲೆಕ್ಕ ಇದು: 27994681 ಎಂಬುದನ್ನು 441ರಿಂದ ಗುಣಿಸಿದರೆ ಏನು ಬರುತ್ತದೆ?

ಮುಂದೆ ಓದುವ ಮುನ್ನ ವಿದ್ಯಾರ್ಥಿಗಳು ಕಾಗದ ಪೆನ್ಸಿಲುಗಳನ್ನು ತೆಗೆದುಕೊಂಡು ಈ ಗುಣಾಕಾರವನ್ನು ತಾವೇ ಮಾಡಿ ನೋಡುವುದು ಒಳ್ಳೆಯದು. ಕೈಯಲ್ಲಿ ಹಿಡಿಯುವ ಗಣಕಯಂತ್ರದ ನೆರವು ಇಲ್ಲಿ ಅಷ್ಟಾಗಿ ದಕ್ಕುವುದಿಲ್ಲ. ಹತ್ತು ಅಂಕಗಳನ್ನಷ್ಟೇ ತೋರಿಸುವ ಯಂತ್ರವು ಹನ್ನೊಂದು ಅಂಕಗಳ ಈ ಉತ್ತರದ ಕೊನೆಯ ಮಣಿಯನ್ನು ನುಂಗಿಬಿಡುತ್ತದೆ. ಹಾರದ ಕೊಂಡಿಯೇ ಕಳಚಿಹೋಗುತ್ತದೆ. ಕಾಗದದ ಮೇಲೆ ಲೆಕ್ಕ ಹೀಗೆ ಸಾಗುತ್ತದೆ:

27994681 × 1 = 27994681
27994681 × 40 = 1119787240
27994681 × 400 = 11197872400
ಒಟ್ಟು = 12345654321

ಯಾವ ಸೊಬಗೂ ಇಲ್ಲದ ಮೂರು ಸಾಲುಗಳು ಕೂಡಿದೊಡನೆ ಹಾರವೊಂದು ಮೂಡಿಬಂದಿತು. ಸಾವಿರದ ನೂರೆಪ್ಪತ್ತು ವರ್ಷಗಳಿಗೂ ಹಿಂದೆ ಧೂಳುಹಲಗೆಯ ಮೇಲೆ ಈ ಲೆಕ್ಕವನ್ನು ಮಾಡಿದ ಶಿಷ್ಯನಿಗೆ ಎಷ್ಟು ಸಂತೋಷವಾಗಿದ್ದೀತು! ಗುರುವು ಉತ್ತರವನ್ನು ತಿದ್ದಿ ಹೇಳಬೇಕಾದ ಅಗತ್ಯವೂ ಇಲ್ಲ. ಒಂದು ಅಂಕ ತಪ್ಪಿದರೂ ಹಾರ ಕೆಡುತ್ತದೆ, ಶಿಷ್ಯನಿಗೆ ತಪ್ಪು ತಾನಾಗಿಯೇ ಗೋಚರವಾಗುತ್ತದೆ.

ಮೊದಲು ಈ ಸಂಖ್ಯೆಯ ಗಾತ್ರವನ್ನು ಅಳೆಯೋಣ. ನಮ್ಮ ಇಂದಿನ ವಾಡಿಕೆಯಲ್ಲಿ ಇದು ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮಹಾವೀರಾಚಾರ್ಯನು ಕೋಟಿಯಲ್ಲಿಯೇ ನಿಂತವನಲ್ಲ. ಏಕದಿಂದ ಮೊದಲುಗೊಂಡು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಅವನು ಹೆಸರುಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲಿ ಹನ್ನೊಂದನೆಯದು ಅರ್ಬುದ. ಆ ಕ್ರಮದಲ್ಲಿ ನಮ್ಮ ಸಂಖ್ಯೆಯನ್ನು ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ ಎಂದು ಏರುತ್ತ, ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು ಎಂದು ಇಳಿಯಬಹುದು. ಬಾಯಲ್ಲಿ ಹೇಳಿದರೂ ಏರಿಳಿತವು ಕಿವಿಗೆ ಕೇಳುತ್ತದೆ.

ಹೆಸರು ಹೇಳುವುದು ಸುಲಭ, ಎಣಿಸುವುದು ಬೇರೆ. ಕೋಲಾರ ಸೀಮೆಯ ಸುಗಟೂರಿನ ಹೆಸರನ್ನು ಇತಿಹಾಸ ಓದಿದವರು ಕೇಳಿರಬಹುದು. ವಿಜಯನಗರದ ಕಾಲದಲ್ಲಿ ಅಲ್ಲಿಯ ಪ್ರಭುಗಳು ಸುತ್ತಿನ ನಾಡನ್ನು ಆಳುತ್ತಿದ್ದರು. ಕೋಲಾರ ಹೊಸಕೋಟೆಗಳ ಚರಿತ್ರೆಯಲ್ಲಿ ಸುಗಟೂರಿನ ತಮ್ಮೇಗೌಡರ ಹೆಸರು ಮತ್ತೆ ಮತ್ತೆ ಬರುತ್ತದೆ. ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ ಆ ಊರಿನವನೊಬ್ಬನು ಸೆಕೆಂಡಿಗೆ ಒಂದರಂತೆ, ಹಗಲಿರುಳೆನ್ನದೆ, ಎಣಿಸಲು ತೊಡಗಿದನೆಂದು ಭಾವಿಸೋಣ. ಅವನ ಮಗ, ಮೊಮ್ಮಗ, ಮರಿಮಗ ಹೀಗೆ ವಂಶವಿಡೀ ಆ ಎಣಿಕೆಯನ್ನು ಬಿಡದೆ ಮುಂದುವರಿಸಿದರೆ 12345654321ನ್ನು ಮುಟ್ಟುವುದಕ್ಕೆ 391 ವರ್ಷಗಳೂ ಸುಮಾರು 80 ದಿನಗಳೂ ಬೇಕು. ಎಂದರೆ ನಮ್ಮ ಕಾಲಕ್ಕೆ ಎಣಿಕೆ ಮುಗಿಯುತ್ತಿತ್ತು. ಇನ್ನೊಂದು ಬಗೆಯಾಗಿಯೂ ನೋಡಬಹುದು. ಸಾವಿರ ರಾಗಿಕಾಳುಗಳು ಸುಮಾರು ಎರಡೂವರೆ ಗ್ರಾಂ ತೂಗುತ್ತವೆ. ಈ ಲೆಕ್ಕದಲ್ಲಿ ನಮ್ಮ ಸಂಖ್ಯೆಯಷ್ಟು ರಾಗಿಕಾಳುಗಳನ್ನು ರಾಶಿ ಹಾಕಿದರೆ ಅದು ಮುನ್ನೂರು ಕ್ವಿಂಟಾಲಿಗೆ ಮೀರುತ್ತದೆ. ಒಂದು ಹಿಡಿಯಲ್ಲಿ ಎಷ್ಟೋ ಸಾವಿರ ಕಾಳುಗಳನ್ನು ತುಂಬಿಕೊಳ್ಳುವ ಕೋಲಾರದ ರೈತನಿಗೆ ಈ ಸಂಖ್ಯೆ ಅಷ್ಟೇನೂ ಅಪರಿಚಿತವಲ್ಲವೆಂದಾಯಿತು. ಅವನು ಅದನ್ನು ಎಣಿಸುವುದಿಲ್ಲ, ಅಳೆಯುತ್ತಾನೆ, ಅಷ್ಟೇ.

ಕೋಲಾರಕ್ಕೂ ಮಹಾವೀರಾಚಾರ್ಯನ ಕಾಲಕ್ಕೂ ಒಂದು ನಂಟು ಉಂಟೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಗಂಗರಸರು ತಮ್ಮನ್ನು ಕುವಳಾಲಪುರದ ಒಡೆಯರೆಂದು ಶಾಸನಗಳಲ್ಲಿ ಕರೆದುಕೊಳ್ಳುತ್ತಿದ್ದರು; ಆ ಕುವಳಾಲವೇ ಇಂದಿನ ಕೋಲಾರ. ಅವರಿಗೂ ರಾಷ್ಟ್ರಕೂಟರಿಗೂ ಬಹುಕಾಲ ಯುದ್ಧ ನಡೆಯಿತು. ಕೊನೆಗೆ ಅಮೋಘವರ್ಷನು ತನ್ನ ಮಗಳಾದ ಚಂದ್ರಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ವಿವಾಹಮಾಡಿದ ಮೇಲೆ ಎರಡು ಮನೆತನಗಳಿಗೂ ಸ್ನೇಹ ನೆಲೆಗೊಂಡಿತು. ಆ ಶಾಂತಿಯ ಕಾಲದಲ್ಲಿಯೇ ‘ಕವಿರಾಜಮಾರ್ಗ’ವೂ ‘ಗಣಿತಸಾರಸಂಗ್ರಹ’ವೂ ಹುಟ್ಟಿದವು. ಒಂದು ಕನ್ನಡದಲ್ಲಿದೆ, ಇನ್ನೊಂದು ಸಂಸ್ಕೃತದಲ್ಲಿದೆ. ಕನ್ನಡದಲ್ಲಿಯೇ ಗಣಿತವನ್ನು ಬರೆದ ರಾಜಾದಿತ್ಯನಿಗಾಗಿ ನಾಡು ಹನ್ನೆರಡನೆಯ ಶತಮಾನದವರೆಗೆ ಕಾಯಬೇಕಾಯಿತು. ಮಹಾವೀರನ ಗ್ರಂಥವನ್ನು ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದ ಬಳಿಕ ಅದರ ಕೀರ್ತಿ ಹೊರದೇಶಗಳಿಗೂ ಹಬ್ಬಿತು.

ಇನ್ನು ಹಾರವನ್ನು ಬಿಚ್ಚಿ ನೋಡೋಣ. ಅದರ ದಾರ ಎಲ್ಲಿದೆ?

ಆರು ಒಂದುಗಳನ್ನು ಸಾಲಾಗಿ ಬರೆದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು:

111111
1111110
11111100
111111000
1111110000
11111100000

ಇವನ್ನು ಏಕಸ್ಥಾನದ ಕೆಳಗೆ ಏಕಸ್ಥಾನ ಬರುವಂತೆ ಜೋಡಿಸಿ ಕೂಡಿದರೆ ಏಕಸ್ಥಾನದ ಕಂಬಸಾಲಿನಲ್ಲಿ ಒಂದೇ ಒಂದು 1 ಇರುತ್ತದೆ. ದಶಸ್ಥಾನದಲ್ಲಿ ಎರಡು, ಶತಸ್ಥಾನದಲ್ಲಿ ಮೂರು. ಹೀಗೆ ಏರುತ್ತ ಲಕ್ಷದ ಸ್ಥಾನದಲ್ಲಿ ಆರು ಒಂದುಗಳು ಸೇರುತ್ತವೆ. ಅಲ್ಲಿಂದ ಮುಂದೆ ಕೆಳಗಿನ ಸಾಲುಗಳು ಮಾತ್ರ ಚಾಚಿಕೊಂಡಿರುವುದರಿಂದ ಒಂದುಗಳ ಎಣಿಕೆ ಐದು, ನಾಲ್ಕು, ಮೂರು, ಎರಡು, ಒಂದು ಎಂದು ಇಳಿಯುತ್ತದೆ. ಯಾವ ಕಂಬಸಾಲಿನಲ್ಲಿಯೂ ಮೊತ್ತವು ಹತ್ತನ್ನು ಮುಟ್ಟುವುದಿಲ್ಲ. ಆದಕಾರಣ ದಶಕವನ್ನು ಪಕ್ಕದ ಸ್ಥಾನಕ್ಕೆ ಒಯ್ಯುವ ಗೊಂದಲವಿಲ್ಲದೆ ಎಣಿಕೆಗಳೇ ಅಂಕಗಳಾಗಿ ನಿಲ್ಲುತ್ತವೆ. ಎಂದರೆ

111111 × 111111 = 12345654321.

ನಮ್ಮ ಸಂಖ್ಯೆಯು ಒಂದು ಪೂರ್ಣವರ್ಗ. ಹಾರದ ಅಂದಕ್ಕೆಲ್ಲ ಕಾರಣವು ಇಷ್ಟೇ. ಒಂದುಗಳ ಸಂಖ್ಯೆಯನ್ನು ಒಂಬತ್ತಕ್ಕೆ ಏರಿಸಿದರೂ ಕ್ರಮ ತಪ್ಪುವುದಿಲ್ಲ. 111111111ರ ವರ್ಗವು 12345678987654321. ಹತ್ತು ಒಂದುಗಳನ್ನಿಟ್ಟರೆ ಮಾತ್ರ ನಡುವಣ ಕಂಬಸಾಲಿನಲ್ಲಿ ದಶಕವು ಹುಟ್ಟಿ ಪಕ್ಕಕ್ಕೆ ಸರಿದು 1234567900987654321 ಎಂಬ ಕೆಟ್ಟ ಹಾರ ದೊರೆಯುತ್ತದೆ.

ದಶಕದ ಗೊಂದಲವಿಲ್ಲದಿರುವುದರಿಂದ ಇನ್ನೊಂದು ಸಣ್ಣ ಗುಣವೂ ಒದಗುತ್ತದೆ. 111111ರ ಅಂಕಗಳ ಮೊತ್ತ 6; ಅದರ ವರ್ಗದ ಅಂಕಗಳ ಮೊತ್ತ 1+2+3+4+5+6+5+4+3+2+1 = 36, ಆರರ ವರ್ಗ. ಮೂವತ್ತಾರು ಒಂಬತ್ತರಿಂದ ಭಾಗವಾಗುವುದರಿಂದ ನಮ್ಮ ಸಂಖ್ಯೆಯೂ ಒಂಬತ್ತರಿಂದ ಭಾಗವಾಗುತ್ತದೆ. ಅಂಕಗಳನ್ನು ಒಂದು ಬಿಟ್ಟೊಂದು ಕೂಡುತ್ತ ಕಳೆಯುತ್ತ ಹೋದರೆ ಸೊನ್ನೆ ಬರುತ್ತದೆ. ಆದ್ದರಿಂದ ಹನ್ನೊಂದರಿಂದಲೂ ಭಾಗವಾಗುತ್ತದೆ. ಈ ಎರಡು ಪರೀಕ್ಷೆಗಳನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಉಳಿದ ಭಾಜಕಗಳಿಗೆ ಬೀಜಗಣಿತದ ಸಹಾಯ ಬೇಕು. ಹತ್ತರ ಸ್ಥಾನದಲ್ಲಿ ಕ್ಷ ಎಂದು ಬರೆದರೆ ಆರು ಒಂದುಗಳ ಸಂಖ್ಯೆಯು

ಕ್ಷ⁵ + ಕ್ಷ⁴ + ಕ್ಷ³ + ಕ್ಷ² + ಕ್ಷ + 1

ಎಂದಾಗುತ್ತದೆ, ಇದು (ಕ್ಷ + 1), (ಕ್ಷ² + ಕ್ಷ + 1), (ಕ್ಷ² − ಕ್ಷ + 1) ಎಂಬ ಮೂರರ ಗುಣಲಬ್ಧ. ಕ್ಷ ಎಂಬುದಕ್ಕೆ ಮತ್ತೆ ಹತ್ತನ್ನು ಇಟ್ಟರೆ ಅವು 11, 111, 91 ಆಗುತ್ತವೆ. 111 = 3 × 37; 91 = 7 × 13. ಹೀಗೆ

111111 = 3 × 7 × 11 × 13 × 37.

ಐದು ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳು, ಒಂದೊಂದೂ ಒಂದೊಂದು ಸಲ. ನಮ್ಮ ಹಾರದಲ್ಲಿ ಇವು ಒಂದೊಂದೂ ಎರಡೆರಡು ಸಲ ಬರುತ್ತವೆ.

ಈಗ ಮಹಾವೀರಾಚಾರ್ಯನ ಲೆಕ್ಕಕ್ಕೆ ಹಿಂದಿರುಗೋಣ. ಅವನ 441 ಎಂಬುದು 21ರ ವರ್ಗ; 21 = 3 × 7. ಉಳಿದ ಮೂರು ಅವಿಭಾಜ್ಯಗಳಾದ 11, 13, 37 ಇವುಗಳ ಗುಣಲಬ್ಧ 5291. ಇದರ ವರ್ಗವೇನು? 27994681! ಯಾವ ರೂಪವೂ ಇಲ್ಲದಂತೆ ಕಂಡ ಆ ಎಂಟಂಕದ ಸಂಖ್ಯೆಯ ಗುಟ್ಟು ಇದು. ಅರಸನ ಹಾರವನ್ನು ಎರಡು ಚೌಕಗಳಾಗಿ ಮುರಿದು ಶಿಷ್ಯನ ಕೈಗೆ ಕೊಟ್ಟು, ಬೆಸೆದು ತಾ ಎಂದು ಆಚಾರ್ಯನು ಹೇಳಿದ್ದಾನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಹಾವೀರಾಚಾರ್ಯನಿಗೆ ಈ ಅಪವರ್ತನಗಳೆಲ್ಲ ತಿಳಿದಿದ್ದುವೆ, ಅಥವಾ ಏನನ್ನೋ ಭಾಗಿಸುತ್ತ ಹೋದಾಗ ಲೆಕ್ಕವು ಆಕಸ್ಮಿಕವಾಗಿ ಸಿಕ್ಕಿತೆ? ಗ್ರಂಥದಲ್ಲಿ ಅವನು ಲೆಕ್ಕವನ್ನು ಕೊಡುತ್ತಾನಲ್ಲದೆ ಅದನ್ನು ಕಂಡ ಬಗೆಯನ್ನು ವಿವರಿಸುವುದಿಲ್ಲ. ಆದ್ದರಿಂದ ಲೆಕ್ಕಗಳನ್ನೇ ಸಾಕ್ಷಿಗೆ ಕರೆಯಬೇಕು. ನಮ್ಮ ಸಂಖ್ಯೆಯ ಭಾಜಕವೊಂದನ್ನು ಕಟ್ಟುವಾಗ 3ನ್ನು ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು. ಉಳಿದ ನಾಲ್ಕಕ್ಕೂ ಹೀಗೆಯೇ. ಆದ್ದರಿಂದ ಭಾಜಕಗಳು 3 × 3 × 3 × 3 × 3 = 243. ಇವನ್ನು ಜೋಡಿಜೋಡಿಯಾಗಿ ಇಟ್ಟರೆ ಎರಡು ಸಂಖ್ಯೆಗಳ ಗುಣಲಬ್ಧವಾಗಿ ನಮ್ಮ ಹಾರವನ್ನು 122 ಬಗೆಗಳಲ್ಲಿ ಬರೆಯಬಹುದು. ಅವುಗಳಲ್ಲಿ ಎರಡೂ ವರ್ಗಗಳಾಗಿರುವ ಬಗೆಗಳು ಹದಿನಾರು ಮಾತ್ರ. ಆಚಾರ್ಯನ ಜೋಡಿ ಆ ಹದಿನಾರರಲ್ಲಿ ಒಂದು. ಸುಮಾರು ಎಂಟಕ್ಕೆ ಒಂದರ ಸಂಭವ, ಇದನ್ನೇ ಪ್ರಮಾಣವೆನ್ನಲಾಗದು.

ಆದರೆ ಅವನ ಇತರ ಹಾರಗಳನ್ನೂ ನೋಡಿದರೆ ಸಂದೇಹವು ಬಹುಮಟ್ಟಿಗೆ ತೊಲಗುತ್ತದೆ. 152207ನ್ನು 73ರಿಂದ ಗುಣಿಸಿ ಅವನು ಎಂಟು ಒಂದುಗಳನ್ನು ಪಡೆಯುತ್ತಾನೆ. 12345679ನ್ನು 9ರಿಂದ ಗುಣಿಸಿ ಒಂಬತ್ತು ಒಂದುಗಳನ್ನು ಪಡೆಯುತ್ತಾನೆ. 142857143ನ್ನು 7ರಿಂದ ಗುಣಿಸಿದರೆ 1000000001. 333333666667ನ್ನು 33ರಿಂದ ಗುಣಿಸಿದರೆ 11000011000011. ಇವೆಲ್ಲವೂ ಒಂದೇ ಕೈಕೆಲಸ. ಮೊದಲು ಒಂದುಗಳಿಂದಲೂ ಸೊನ್ನೆಗಳಿಂದಲೂ ಸುಂದರವಾದ ಸಂಖ್ಯೆಯನ್ನು ಕಟ್ಟಿ, ಅದರ ಭಾಜಕವೊಂದನ್ನು ಹುಡುಕಿ, ಭಾಗಲಬ್ಧವನ್ನು ಮುಂದಿಡುವುದು. ಎಂಟು ಒಂದುಗಳಲ್ಲಿ 73 ಅಡಗಿದೆಯೆಂದು ಕಂಡುಹಿಡಿಯುವವನಿಗೆ ಆರು ಒಂದುಗಳಲ್ಲಿ 7 ಅಡಗಿರುವುದು ಕಾಣದೆ ಇದ್ದೀತೆ? ಅವನು ಹಾರವನ್ನು ಮೊದಲು ಮಾಡಿ ಆಮೇಲೆ ಮುರಿದನೆಂದೇ ನಮ್ಮ ಅಭಿಪ್ರಾಯ.

ಆರರಲ್ಲಿಯೇ ಏಕೆ ನಿಂತನು? ಐದು ಒಂದುಗಳೂ ಹಾರವಾಗುತ್ತಿದ್ದುವು, ಏಳೂ ಆಗುತ್ತಿದ್ದುವು. ಇದಕ್ಕೂ ಅಪವರ್ತನಗಳೇ ಉತ್ತರ ಹೇಳುತ್ತವೆಂದು ತೋರುತ್ತದೆ. 11111 = 41 × 271; 1111111 = 239 × 4649. ಇವುಗಳಲ್ಲಿ ಎರಡೆರಡೇ ಅವಿಭಾಜ್ಯಗಳು, ಅವೂ ಹುಡುಕಲು ಕಷ್ಟವಾದವು. ಏಳು ಒಂದುಗಳ ಹಾರವನ್ನು ಎರಡು ಸಣ್ಣ ಚೌಕಗಳಾಗಿ ಮುರಿಯಬೇಕಾದರೆ 239ನ್ನು ಕಂಡುಹಿಡಿಯುವವರೆಗೆ ಒಂದಾದಮೇಲೊಂದು ಅವಿಭಾಜ್ಯದಿಂದ ಭಾಗಿಸುತ್ತ ಕೂರಬೇಕು. ಆರು ಒಂದುಗಳಾದರೋ ಕೈಯಿಟ್ಟಲ್ಲೆಲ್ಲ ಒಡೆಯುತ್ತವೆ.

ಇಲ್ಲಿಯವರೆಗೆ ನಾವು ಹೇಳಿದುದರಲ್ಲಿ ಎರಡು ಬಗೆಯ ಗುಣಗಳು ಬೆರೆತುಕೊಂಡಿವೆ. ಅವನ್ನು ಬೇರ್ಪಡಿಸುವುದು ಅಗತ್ಯ; ಏಕೆಂದರೆ ಅಂಕಗಳ ಚಮತ್ಕಾರವನ್ನು ಕಂಡೊಡನೆ ಸಂಖ್ಯೆಗೆ ಏನೋ ಅಲೌಕಿಕ ಶಕ್ತಿಯನ್ನು ಆರೋಪಿಸುವ ಜನರು ನಮ್ಮಲ್ಲಿ ಕಡಮೆಯಿಲ್ಲ. ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವುದು ಸಂಖ್ಯೆಯ ಗುಣವಲ್ಲ. ಅದು ಸಂಖ್ಯೆಗೆ ನಾವು ತೊಡಿಸಿದ ಉಡುಪಿನ ಗುಣ. ನಮಗೆ ಹತ್ತು ಬೆರಳುಗಳಿರುವುದರಿಂದ ಹತ್ತನ್ನು ಆಧಾರವಾಗಿಟ್ಟುಕೊಂಡು ಬರೆಯುತ್ತೇವೆ. ಒಂಬತ್ತನ್ನು ಆಧಾರವಾಗಿಟ್ಟು ಇದೇ ರಾಗಿರಾಶಿಯ ಎಣಿಕೆಯನ್ನು ಬರೆದರೆ, ಅದು ಒಂಬತ್ತರಿಂದ ಭಾಗವಾಗುವುದರಿಂದ, ಕೊನೆಯ ಅಂಕವು ಸೊನ್ನೆಯಾಗುತ್ತದೆ. ಯಾವ ಸಂಖ್ಯೆಯೂ ಸೊನ್ನೆಯಿಂದ ಮೊದಲಾಗುವುದಿಲ್ಲ. ಆದಕಾರಣ ಹಾರವು ಅಲ್ಲಿಯೇ ಹರಿದುಹೋಗುತ್ತದೆ. ಏಳು, ಹನ್ನೊಂದು, ಹದಿಮೂರು ಇವುಗಳನ್ನು ಆಧಾರವಾಗಿಟ್ಟರೆ ಕೊನೆಯಲ್ಲಿ ಎರಡೆರಡು ಸೊನ್ನೆಗಳು ಬರುತ್ತವೆ. ಆದರೆ ಯಾವ ಆಧಾರದಲ್ಲಿ ಬರೆದರೂ ಅದು ಪೂರ್ಣವರ್ಗವಾಗಿಯೇ ಇರುತ್ತದೆ, ಅದರ ಭಾಜಕಗಳು 243 ಆಗಿಯೇ ಇರುತ್ತವೆ. ಇವು ಸಂಖ್ಯೆಯ ಮೈಯ ಗುಣಗಳು. ಮುತ್ತಿನ ಹೊಳಪು ಬೇರೆ, ಅದನ್ನು ಕೋದ ಕ್ರಮ ಬೇರೆ.

ಮೈಯ ಗುಣಗಳಲ್ಲಿ ಒಂದನ್ನು ಇನ್ನಷ್ಟು ಆಳವಾಗಿ ಪರೀಕ್ಷಿಸುವುದು ಯೋಗ್ಯವಾಗಿದೆ, ಏಕೆಂದರೆ ಅದು ನಮ್ಮನ್ನು ಮಾನ್ಯಖೇಟದಿಂದ ಒಮ್ಮೆಗೇ ಯೂರೋಪಿಗೆ ಕೊಂಡೊಯ್ಯುತ್ತದೆ. ಒಂದು ಸಂಖ್ಯೆಯ ಭಾಜಕಗಳಲ್ಲಿ ಆ ಸಂಖ್ಯೆಯನ್ನು ಬಿಟ್ಟು ಉಳಿದವನ್ನು ಕೂಡಿದಾಗ ಅದೇ ಸಂಖ್ಯೆ ಬಂದರೆ ಅದನ್ನು ಪರಿಪೂರ್ಣ ಸಂಖ್ಯೆಯೆನ್ನುತ್ತೇವೆ. 6 = 1 + 2 + 3; 28 = 1 + 2 + 4 + 7 + 14. ಮುಂದಿನವು 496, 8128. ಮೊತ್ತವು ಕಡಮೆಯಾದರೆ ನ್ಯೂನ ಸಂಖ್ಯೆ, ಮೀರಿದರೆ ಅಧಿಕ ಸಂಖ್ಯೆ. ಸರಿ ಸಂಖ್ಯೆಗಳಲ್ಲಿ ಅಧಿಕವು 12ರಿಂದಲೇ ಮೊದಲಾಗುತ್ತದೆ. ಬೆಸ ಸಂಖ್ಯೆಗಳಲ್ಲಿ 945ರವರೆಗೆ ಒಂದೂ ಸಿಗುವುದಿಲ್ಲ. ಬೆಸ ಪರಿಪೂರ್ಣ ಸಂಖ್ಯೆಯಂತೂ ಇದುವರೆಗೆ ಒಂದೂ ದೊರೆತಿಲ್ಲ, ದೊರೆಯಲಾರದೆಂದು ಯಾರೂ ಸಾಧಿಸಿಯೂ ಇಲ್ಲ.

ನಮ್ಮ ಹಾರವು ಬೆಸ ಸಂಖ್ಯೆ. ಅದರ 243 ಭಾಜಕಗಳನ್ನು ಒಂದೊಂದಾಗಿ ಬರೆದು ಕೂಡಬೇಕಾಗಿಲ್ಲ.

(1+3+9) (1+7+49) (1+11+121) (1+13+169) (1+37+1369)

ಎಂಬುದನ್ನು ಬಿಡಿಸಿದರೆ ಪ್ರತಿಯೊಂದು ಭಾಜಕವೂ ಒಂದೇ ಸಲ ಹೊರಬೀಳುತ್ತದೆ. ಆದ್ದರಿಂದ ಮೊತ್ತವು 13 × 57 × 133 × 183 × 1407. ವಾಚಕರು ಐದನೆಯ ಅಪವರ್ತನವನ್ನು ಗುಣಿಸುವ ಮುನ್ನ ಒಂದು ಕ್ಷಣ ನಿಲ್ಲಬೇಕೆಂದು ನಮ್ಮ ಕೋರಿಕೆ. ಮೊದಲ ನಾಲ್ಕರ ಗುಣಲಬ್ಧ 18035199. ಇದು 3, 7, 11, 13 ಇವುಗಳ ಗುಣಲಬ್ಧವಾದ 3003ರ ವರ್ಗದ, ಎಂದರೆ 9018009ರ, ಭಾಜಕಗಳ ಮೊತ್ತ. ಈ ಮೊತ್ತದಲ್ಲಿ 9018009 ಕೂಡ ಸೇರಿರುವುದರಿಂದ, ಅದು ಪರಿಪೂರ್ಣವಾಗಬೇಕಾದರೆ ಮೊತ್ತವು ಅದರ ಎರಡರಷ್ಟಾಗಬೇಕು; ಎರಡರಷ್ಟೆಂದರೆ 18036018. ಕೊರತೆ ಎಷ್ಟು? 819 ಮಾತ್ರ! ಒಂದು ಕೋಟಿ ಎಂಬತ್ತು ಲಕ್ಷಕ್ಕೆ ಎಂಟುನೂರ ಹತ್ತೊಂಬತ್ತು ಕಡಮೆ. ಗುರಿಯ ಅಂಚನ್ನು ಸವರಿಕೊಂಡು ಹೋದ ಬಾಣದಂತೆ ಇದೆ.

ಈ ಅಂಚನ್ನೇ ಫ್ರಾನ್ಸ್ ದೇಶದ ತತ್ತ್ವಜ್ಞಾನಿ ದೆಕಾರ್ತನು ಕಂಡನು. 18035199ನ್ನು 819ರಿಂದ ಭಾಗಿಸಿದರೆ ಶೇಷವಿಲ್ಲದೆ 22021 ಬರುತ್ತದೆ. ಎಂದರೆ ಕೊರತೆಯು ಮೊತ್ತದ 22021ನೆಯ ಒಂದು ಪಾಲು. ಈಗ 9018009ನ್ನು 22021ರಿಂದ ಗುಣಿಸಿದರೆ 198585576189. 22021 ಅವಿಭಾಜ್ಯವಾಗಿದ್ದರೆ ಅದರ ಭಾಜಕಗಳ ಮೊತ್ತ 22022. ಆಗ ಹೊಸ ಸಂಖ್ಯೆಯ ಭಾಜಕಗಳ ಮೊತ್ತವು 18035199 × 22022, ಇದು ಸರಿಯಾಗಿ 198585576189ರ ಎರಡರಷ್ಟು. ಬೆಸ ಪರಿಪೂರ್ಣ ಸಂಖ್ಯೆ ಸಿಕ್ಕಿಯೇಬಿಟ್ಟಿತು! ಆದರೆ 22021 ಅವಿಭಾಜ್ಯವಲ್ಲ. ಅದು 19 × 19 × 61. ದೆಕಾರ್ತನು 1638ರಲ್ಲಿ ಮೆರ್ಸೆನ್ನನಿಗೆ ಬರೆದ ಕಾಗದದಲ್ಲಿ ಈ ಸಂಖ್ಯೆಯನ್ನು ಸೂಚಿಸಿದನು. ಹುಸಿಯಾದರೂ ಬೆಸ ಪರಿಪೂರ್ಣಕ್ಕೆ ಇಷ್ಟು ಸಮೀಪವಾದ ಈ ಉದಾಹರಣೆಯನ್ನು ಗಣಿತಜ್ಞರು ಇಂದಿಗೂ ಅಧ್ಯಯನ ಮಾಡುತ್ತಿದ್ದಾರೆ. ನಿಜವಾದುದು ಒಂದು ಇದ್ದರೆ ಅದು 1ರ ಮುಂದೆ 1500 ಸೊನ್ನೆಗಳಿರುವ ಸಂಖ್ಯೆಗಿಂತ ದೊಡ್ಡದಾಗಿರಬೇಕೆಂದು ಓಷೆಮ್ ಮತ್ತು ರಾವ್ ಎಂಬವರು 2012ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸಾಧಿಸಿದರು.

ಹೀಗೆ ಮಹಾವೀರನ ಹಾರವೂ ದೆಕಾರ್ತನ ಹುಸಿಯೂ 3003ರ ವರ್ಗವೆಂಬ ಒಂದೇ ಎರಕದಿಂದ ಬಂದವು. ಒಂದಕ್ಕೆ 37ರ ವರ್ಗವನ್ನು ಕೂಡಿಸಿದೆ, ಇನ್ನೊಂದಕ್ಕೆ 22021ನ್ನು. ಒಬ್ಬನಿಂದ ಇನ್ನೊಬ್ಬನು ಕಲಿತನೆಂದು ಯಾರೂ ಭ್ರಮಿಸಬಾರದು. 7, 11, 13 ಇವುಗಳ ಗುಣಲಬ್ಧವು 1001 ಆಗುವುದರಿಂದ ಆಚಾರ್ಯನಿಗೆ ಅವು ಬೇಕಾದವು. ದೆಕಾರ್ತನಿಗೆ ಅವು ಬೇಕಾದುದು ಭಾಜಕಗಳ ಮೊತ್ತಕ್ಕಾಗಿ. ಎರಡು ದಾರಿಗಳು ಒಂದು ಬಾವಿಯ ಬಳಿ ಕೂಡಿವೆ, ಅಷ್ಟೇ. ಇನ್ನು ನಮ್ಮ ಹಾರವನ್ನು ಕೇಳುವುದಾದರೆ, 37ರ ವರ್ಗವು ಆ ಸಣ್ಣ ಕೊರತೆಯನ್ನು ತುಂಬಿ ಉಕ್ಕಿಸಿಬಿಡುತ್ತದೆ. 18035199 × 1407 = 25375524993; ಹಾರದ ಎರಡರಷ್ಟು 24691308642. ಮೊತ್ತವು 684216351ರಷ್ಟು ಹೆಚ್ಚು. ಅಮೋಘವರ್ಷನ ಹಾರವು ಅಧಿಕ ಸಂಖ್ಯೆ, ಅದೂ ಅಪರೂಪವಾದ ಬೆಸ ಅಧಿಕ ಸಂಖ್ಯೆ.

ಕೊನೆಗೆ ಉಡುಪಿನ ಗುಣಗಳಲ್ಲಿ ಒಂದನ್ನು ಹೇಳದೆ ಬಿಡಲು ಮನಸ್ಸು ಬಾರದು. ಹಾರವನ್ನು 81ರಿಂದ ಗುಣಿಸಿದರೆ 999999ರ ವರ್ಗವಾದ 999998000001 ಬರುತ್ತದೆ. (ಇದರ ಎರಡು ಅರ್ಧಗಳನ್ನು, 999998 ಮತ್ತು 000001 ಎಂದು, ಕೂಡಿದರೆ ಮತ್ತೆ 999999. ಇಂಥ ಸಂಖ್ಯೆಗಳಿಗೆ ದೇವಳಾಲಿಯ ಶಾಲಾ ಉಪಾಧ್ಯಾಯರಾಗಿದ್ದ ಕಾಪ್ರೇಕರರ ಹೆಸರಿದೆ.) ಈಗ ಒಂದನ್ನು ನಮ್ಮ ಸಂಖ್ಯೆಯಿಂದ ಭಾಗಿಸಿ ದಶಮಾಂಶದಲ್ಲಿ ಬರೆಯೋಣ. 999999ರಿಂದ ಒಂದನ್ನು ಭಾಗಿಸಿದರೆ 0.000001 000001 000001 ಎಂದು ಕೊನೆಯಿಲ್ಲದೆ ಒಂದುಗಳು ಬರುತ್ತವೆ. ಅದರ ವರ್ಗವನ್ನು ಮಾಡಿದರೆ, ಮೇಲೆ ಕಂಬಸಾಲುಗಳಲ್ಲಿ ಕಂಡಂತೆಯೇ, ಆರಾರು ಸ್ಥಾನಗಳ ಗುಂಪುಗಳಲ್ಲಿ 1, 2, 3, 4 ಎಂದು ಎಣಿಕೆ ಏರುತ್ತದೆ. ಸಾಲಿಗೆ ಕೊನೆಯಿಲ್ಲದಿರುವುದರಿಂದ ಇಳಿಯುವುದೇ ಇಲ್ಲ. ಅದನ್ನು 81ರಿಂದ ಗುಣಿಸಿದರೆ

1 ÷ 12345654321 = 0.000000 000081 000162 000243 000324 000405 …

81ರ ಮಗ್ಗಿ! ಹಾರದ ವಿಲೋಮದಲ್ಲಿ ಎಂಬತ್ತೊಂದರ ಮಗ್ಗಿಯು ತಪ್ಪಿಲ್ಲದೆ ಸಾಗುತ್ತದೆ. ಎಲ್ಲಿಯವರೆಗೆ? 81 × 12344 = 999864ರವರೆಗೆ. 12346ನೆಯ ಮೆಟ್ಟಲಿನಲ್ಲಿ ಮಗ್ಗಿಯು ಹತ್ತು ಲಕ್ಷವನ್ನು ದಾಟಿ, ಆರು ಸ್ಥಾನಗಳ ಮನೆಯಲ್ಲಿ ಹಿಡಿಸದೆ, ಹಿಂದಿನ 999945ಕ್ಕೆ ಒಂದನ್ನು ದಾಟಿಸಿ ಅದನ್ನು 999946 ಮಾಡುತ್ತದೆ. ಅಲ್ಲಿಂದ ಮುಂದೆ ಮಗ್ಗಿಯನ್ನು ಗುರುತಿಸುವುದು ಕಷ್ಟ. ಆದರೂ ಇದು ಆವರ್ತ ದಶಮಾಂಶವಾದುದರಿಂದ ಎಂದಾದರೊಂದು ದಿನ ಮೊದಲಿನಿಂದ ಪ್ರಾರಂಭವಾಗಲೇಬೇಕು. 7, 11, 13, 37 ಇವುಗಳ ವರ್ಗಗಳಿಂದ ಒಂದನ್ನು ಭಾಗಿಸಿದಾಗ ದಶಮಾಂಶಗಳು ಕ್ರಮವಾಗಿ 42, 22, 78, 111 ಸ್ಥಾನಗಳಿಗೊಮ್ಮೆ ಮರುಕಳಿಸುತ್ತವೆ. 9ರಿಂದ ಭಾಗಿಸಿದಾಗ ಪ್ರತಿ ಸ್ಥಾನದಲ್ಲಿಯೂ. ಇವೆಲ್ಲವೂ ಒಟ್ಟಿಗೆ ಕೂಡುವ ಸ್ಥಾನವನ್ನು ಲಘುತಮ ಸಾಮಾನ್ಯ ಅಪವರ್ತ್ಯದಿಂದ ಕಂಡುಹಿಡಿಯಬೇಕು. ಲೆಕ್ಕ ಹಾಕಿದರೆ 2 × 3 × 7 × 11 × 13 × 37 ಬರುತ್ತದೆ. ಈ ಸಾಲಿನಲ್ಲಿ 2ನ್ನು ಬಿಟ್ಟರೆ ಉಳಿಯುವವು ಹಾರದ ಐದು ಅವಿಭಾಜ್ಯಗಳೇ. ಮಗ್ಗಿಯು ಮತ್ತೆ ಮೊದಲಾಗುವುದು ಸರಿಯಾಗಿ 222222 ಸ್ಥಾನಗಳಾದ ಮೇಲೆ.